ಒಳ್ಳೆಮೆಣಸಿನ ಪರಿಮಳ

ಪುಂಡಲೀಕರಿಗೆ ತಮ್ಮ ಮೂಗಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಲೇಕ್ ಮಾರ್ಕೆಟ್ಟಿನಲ್ಲಿ ಬಂಗಾಳಿಗಳ ಮೆಚ್ಚಿನ ಇಲಿಶ್ ಮೀನನ್ನು ಮೂಸಿಯೇ ಅದು ನಿನ್ನೆಯದೋ ಮೊನ್ನೆಯದೋ ಹೇಳಿಬಿಡುತ್ತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರಾದದ್ದೂ ಆ ಮೂಗಿನಿಂದಲೇ ಎಂದು ಮಗಳು ದೀಕ್ಷಿತಾ ಚುಡಾಯಿಸುತ್ತಿದ್ದಳು. ಅಂಥ ಮೂಗಿಗೆ ಒಪ್ಪದ್ದು ಒಂದೇ, ಹೆಂಡತಿ ವಿಶಾಲಾಕ್ಷಿಯ ಒಳ್ಳೆಮೆಣಸಿನ ಸಾರು. "ಖಾರ ಉಂಟು, ಪರಿಮಳವೇ ಇಲ್ಲ ಮಾರಾಯ್ತಿ" ಎಂದು ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದರು. ಆಕೆ ಪುತ್ತೂರಿನಿಂದ ಕಾಳುಮೆಣಸು ತರಿಸಿದರು, ಆಗಿಂದಾಗಲೇ ಕುಟ್ಟಿದರು, ವರ್ಷ ಹೋದಂತೆ ಹೆಚ್ಚೆಚ್ಚು ಹಾಕಿದರು. ಈಗ ಆ ಸಾರು ಕುಡಿದರೆ ದೀಕ್ಷಿತಾಳ ಕಣ್ಣಲ್ಲಿ ನೀರು ಬರುತ್ತಿತ್ತು. ಅಮ್ಮ ಮಾತ್ರ ತನಗೆ ಅಡುಗೆಯ ಕೈಯೇ ಇಲ್ಲವೆಂದು ನಂಬಿಬಿಟ್ಟಿದ್ದರು. ನೆಂಟರು ಬಂದರೆ ಸಾರು ಮಾಡುತ್ತಲೇ ಇರಲಿಲ್ಲ. ಇದನ್ನು ಕಂಡಾಗೆಲ್ಲ ದೀಕ್ಷಿತಾಳಿಗೆ ಸಿಟ್ಟು ಬರುತ್ತಿತ್ತು.

ಅವಳು ಬಾರಾನಗರದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ವೈನಿನ ವಾಸನೆಯ ಪರೀಕ್ಷೆಗಳ ಅಂಕಿಅಂಶ ನೋಡುವವಳು. ಪರೀಕ್ಷೆ ಹೇಗಿರುತ್ತದೆಂದು ತೋರಿಸಲು ಒಂದು ಭಾನುವಾರ ಸದರ್ನ್ ಅವೆನ್ಯೂವಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಮೂರು ಗ್ಲಾಸು ಕೆಂಪು ವೈನ್ ಇಟ್ಟಳು. ಒಂದಕ್ಕೆ ಮಾತ್ರ ರೊಟಂಡೋನ್ ಬೆರೆಸಿದ್ದಳು. ಕೆಲವು ದ್ರಾಕ್ಷಿಗಳ ಸಿಪ್ಪೆಯಲ್ಲಿ ತಾನಾಗಿಯೇ ಇರುವ ವಾಸನೆಯ ವಸ್ತು ಅದು.

"ಸ್ಮೆಲ್ ಮಾತ್ರ ಮಾಡಿ ಪಪ್ಪಾ, ಕುಡೀಬೇಡಿ. ಯಾವುದು ಡಿಫರೆಂಟ್ ಹೇಳಿ."

ಪುಂಡಲೀಕರು ಗತ್ತಿನಿಂದ ಮೂಸಿ ಒಂದನ್ನು ತೋರಿಸಿದರು. ತಪ್ಪಾಗಿತ್ತು. ಅವಳು ಗ್ಲಾಸುಗಳನ್ನು ಅದಲುಬದಲು ಮಾಡಿಟ್ಟಳು. ಮತ್ತೆ ತಪ್ಪಿತು.

"ನಿನ್ನ ವೈನೇ ಹಾಳಾಗಿದೆ" ಎಂದು ರೇಗಿದರು.

ಒಲೆಯ ಮೇಲೆ ಸಾರು ಬಿಟ್ಟು ಬಂದ ವಿಶಾಲಾಕ್ಷಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಗ್ಗಿ ಮೂಸಿದರು.

"ಇದು. ಇದಕ್ಕೆ ಒಳ್ಳೆಮೆಣಸು ಬಿದ್ದಿದೆಯಲ್ಲ?"

ದೀಕ್ಷಿತಾಳಿಗೆ ಥಟ್ಟನೆ ಹೊಳೆಯಿತು. ಕಾಳುಮೆಣಸಿನ ಪರಿಮಳವೂ ಮುಖ್ಯವಾಗಿ ಇದೇ ವಸ್ತುವಿನದು ಎಂದು ಬಿಡಿಸಿ ಹೇಳಿದಳು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಬೇರೆ ವಾಸನೆಗಳೆಲ್ಲ ಚೆನ್ನಾಗಿ ತಿಳಿಯುತ್ತವೆ.

ಅಮ್ಮ ಈಗ ಬಾಯಿ ತುಂಬ ಬೈಯಲಿ ಎಂದು ಅವಳಿಗೆ ಆಸೆಯಾಯಿತು. ಪುಂಡಲೀಕರು ಆ ಗ್ಲಾಸನ್ನು ಇನ್ನೊಮ್ಮೆ ಮೂಸಿ ಕೆಳಗಿಟ್ಟರು.

"ಹಾಗಾದ್ರೆ ನಿನ್ನ ಸಾರಿನ ಪರಿಮಳ ನಂಗೆ ಗೊತ್ತೇ ಇಲ್ಲ. ಹೇಗಿರ್ತದೆ, ಹೇಳು ಮಾರಾಯ್ತಿ."

"ನಂಗೂ ಮರ್ತುಹೋಗಿದೆ" ಎಂದರು ವಿಶಾಲಾಕ್ಷಿ. "ನಿಮ್ಮ ಮೂಗಿಗೆ ಅಂತ ಹಾಕಿ ಹಾಕಿ, ನನ್ನ ಸಾರು ನಾನು ಉಂಡು ಎಷ್ಟು ಕಾಲ ಆಯ್ತೋ."

ಒಳಗೆ ಹೋಗಿ ಒಲೆಯ ಮೇಲಿದ್ದದ್ದನ್ನು ಸಿಂಕಿಗೆ ಸುರಿದರು. ಚಿಕ್ಕ ಪಾತ್ರೆ ತೆಗೆದು, ಒಬ್ಬರಿಗೆ ಸಾಕಾಗುವಷ್ಟು ನೀರಿಟ್ಟರು.