ಗೋಡೆಯ ಹತ್ತನೆಯ ಪದ

ಒಂಬತ್ತು ಪದ ಬರೆದಾಗಿತ್ತು. ಹತ್ತನೆಯದಕ್ಕೆ ಜಾಗ ಉಳಿದಿರಲಿಲ್ಲ. ಚನ್ನರಾಯಪ್ಪ ಗೋಡೆಯ ಬುಡದಲ್ಲಿದ್ದ ಕೆಂಪು ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇದ್ದಿಲಿನಿಂದ ಅದನ್ನೂ ಬರೆದ. ಎಫೆಮರಲ್.

ಮುಳಬಾಗಿಲಿನ ಈ ಸ್ಕೂಲು ಮೇಷ್ಟರಿಗೆ ಅಷ್ಟೊಂದು ಇಂಗ್ಲಿಷ್ ಯಾಕೆ ಬೇಕೋ ದೇವರಿಗೇ ಗೊತ್ತು. ಯುದ್ಧ ಬಂದು ಕಾಗದ ಸಿಗದಾದ ಮೇಲೆ ಬೆಳಗ್ಗೆ ಗೋಡೆಯ ಮೇಲೆ ಬರೆಯುವುದು, ಬಾಯಿಪಾಠ ಮಾಡುವುದು, ಸಂಜೆ ಒರೆಸುವುದು. ಪದಗಳನ್ನು ನಾಲಿಗೆಯ ಮೇಲೆ ಹೊರಳಿಸುತ್ತಿದ್ದರೆ ಹಿತವಾದ ಮಂಪರು ಕವಿಯುತ್ತಿತ್ತು. ಆ ಭಾಷೆಯಲ್ಲಿ ಅವನ ಮನೆಯವರು ಯಾರೂ ಸತ್ತಿರಲಿಲ್ಲ.

ಒಳಗಿನಿಂದ ಬಂದ ಹೆಂಡತಿ ಆದಿಲಕ್ಷ್ಮಮ್ಮ ಗೋಡೆ ನೋಡಿ ನಿಂತುಬಿಟ್ಟಳು. ಆಗ ಅವನಿಗೆ ನೆನಪಾಯಿತು. ಮಗಳು ಕೆಮ್ಮಣ್ಣು ಕದಡಿಟ್ಟ ಬೋಗುಣಿಗೆ ಕೈಯದ್ದಿ ಒತ್ತಿದ್ದ ಅಂಗೈ ಗುರುತು, ತಾನು ಒರೆಸಿದ ಆ ಕೆಂಪು ಕಲೆ. ಮಗು ಜ್ವರದಲ್ಲಿ ಹೋಗಿ ಮೂರು ವರ್ಷ. ಪ್ರತಿ ಸಂಕ್ರಾಂತಿಗೂ ಆದಿಲಕ್ಷ್ಮಮ್ಮ ಮನೆಗೆಲ್ಲ ಸುಣ್ಣ ಬಳಿಯುವಾಗ, ಆ ಐದು ಬೆರಳುಗಳ ಸುತ್ತ ಮಾತ್ರ ಕುಂಚ ಬಿಟ್ಟು ತನ್ನ ಬೆರಳ ತುದಿಯಿಂದ ಹಚ್ಚುತ್ತಿದ್ದಳು.

"ಅಲ್ಲೇನು ಬರ್ದಿದ್ದೀರಿ?"

"ಒಂದು ಪದ."

"ಅಂದ್ರೆ?"

ಸುಳ್ಳು ಹೇಳಬಹುದಿತ್ತು. ಆದರೆ ಮೇಷ್ಟರ ಬಾಯಿ, ಕೇಳಿದ ತಕ್ಷಣ ಅರ್ಥ ಹೇಳಿಬಿಟ್ಟಿತು.

"ಒಂದೇ ದಿನ ಬಾಳೋದು ಅಂತ."

"ನಮ್ಮ ಪಾಪ ಎರಡು ವರ್ಷ ಇತ್ತು," ಎಂದಳು.

ಅಳಲಿಲ್ಲ. ನಂಗಲಿಗೆ, ತವರಿಗೆ ಹೋಗುವುದಾಗಿ ಹೇಳಿ ಬಟ್ಟೆ ಗಂಟು ಕಟ್ಟಿದಳು. ಯಾವಾಗ ಬರುವುದೆಂದು ಹೇಳಲಿಲ್ಲ. ಅವನು ಹೋಗಬೇಡ ಎನ್ನಬೇಕಿತ್ತು, ಕನ್ನಡದಲ್ಲಿ ಬಾಯಿಗೆ ಬಾರದಿದ್ದರೆ ಅವಳ ತವರಿನ ತೆಲುಗಿನಲ್ಲಾದರೂ ಅನ್ನಬಹುದಿತ್ತು.

"ಪೆಟ್ರೋಲಿಲ್ಲ, ಇದ್ದಿಲ ಬಸ್ಸು. ಇದ್ದಿಲು ಉರಿದು ಹೊರಡೋದು ತಡ ಆಗ್ತದೆ," ಎಂದ.

"ಕಾಯ್ತೀನಿ."

ಅವಳು ಹೊಸಿಲು ದಾಟಿದಳು. ಈಗಲೂ ಓಡಿದರೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾಳೆ, ಅದು ಅವನಿಗೂ ಗೊತ್ತು. ಆದರೂ ಕನಸಿನಲ್ಲಿದ್ದವನ ಹಾಗೆ ಬೋಗುಣಿ ಹುಡುಕಿ ಕೆಮ್ಮಣ್ಣು ಕದಡಿದ. ಮಂಡಿಯೂರಿ, ಅಂಗೈ ಅದ್ದಿ, ಹತ್ತನೆಯ ಪದದ ಮೇಲೆ ಒತ್ತಿದ. ತೀರ ದೊಡ್ಡದಾಯಿತು. ಒರೆಸಿದ. ಬೆರಳು ಮಡಿಸಿ ಒತ್ತಿದ. ಚಿಕ್ಕದಾಯಿತು, ಆದರೆ ಬೆರಳುಗಳಿರಲಿಲ್ಲ. ಅದನ್ನೂ ಒರೆಸಿದ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಚನ್ನರಾಯಪ್ಪ ಮುಷ್ಟಿಯನ್ನು ಇನ್ನಷ್ಟು ಬಿಗಿ ಹಿಡಿದು, ಎರಡು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಿ, ಗೋಡೆಗೆ ಒತ್ತಿಕೊಂಡೇ ಇದ್ದ. ಕೆಂಪು ನೀರು ಮೊಳಕೈಯಿಂದ ಇಳಿದು ನೆಲದ ಮೇಲೆ ಹೊಸಿಲ ಕಡೆಗೆ ಹರಿಯುತ್ತಿತ್ತು.