ಮೂರನೆಯ ಹಲಗೆ

ಗರಗಸದ ಆಳು ರಾಯಪ್ಪನಿಗೆ ಈ ಹಲಗೆಯ ಅರ್ಥ ತಿಳಿಯದೇ ಹೋದರೆ ಒಳ್ಳೆಯದಲ್ಲವೇ? ಹೀಗೆ ಯೋಚಿಸಿದ ತನ್ನ ಮನಸ್ಸಿನ ಬಗ್ಗೆಯೇ ಈರಯ್ಯನಿಗೆ ಹೇಸಿಕೆಯಾಯಿತು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೆರೆ ಎಳೆಯುವ ವಿದ್ಯಾರ್ಥಿ ಸೋಲಲಿ ಎಂದು ಯಾವ ಮಾಸ್ತರನಾದರೂ ಬಯಸುತ್ತಾನೆಯೇ? ಅವನು ಬಯಸುತ್ತಿದ್ದ. ಗೋಡೆಗೆ ಒರಗಿಸಿದ ಮೂರನೆಯ ಹಲಗೆಯ ಮೇಲೆ ಇನ್ನೂ ಗೋಣಿಚೀಲವಿತ್ತು. ಅದರ ಕೆಳಗೆ ಏನಿದೆ ಎಂಬುದನ್ನು ಬೆಳಿಗ್ಗೆ ಬೆಳಗಾವಿಯಿಂದ ಬರುವ ಬಸ್ಸಿನಲ್ಲೇ ಅವನು ನೋಡಿಬಿಟ್ಟಿದ್ದ.

ಪರೀಕ್ಷೆಯ ನಿಯಮ ಅವನದೇ. ಬೆಳಗಾವಿಯ ಖಾಸಬಾಗದ ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷದವರು ಮೂಗು ಮುರಿದ ಅದೇ ಸುಣ್ಣದ ಗೊಂಬೆಯನ್ನು ನೋಡಿ ಬರೆದು ಪಾಸಾಗುತ್ತಿದ್ದರು. "ಪಾಸಾದ ಮ್ಯಾಲ ಇವರ ಕಡೆ ಯಾರ್ರೀ ಗೊಂಬಿ ಬರಸ್ತಾರ?" ಎಂದು ಶಾಲೆಯ ಕಮಿಟಿಯೊಂದಿಗೆ ಒಂದು ವರ್ಷ ಜಗಳಾಡಿ, ಈ ಸಲ ನಿಜವಾದ ಕೆಲಸವೊಂದನ್ನೇ ಪರೀಕ್ಷೆಯಾಗಿ ಇಡಿಸಿದ್ದ. ಕಮಿಟಿಯಲ್ಲಿದ್ದ ಗುರುಪುತ್ರಪ್ಪ ಖಾನಾಪುರದ ತನ್ನ ಕಟ್ಟಿಗೆ ಮಿಲ್ಲಿನಲ್ಲಿ ಜಾಗ ಕೊಟ್ಟ. ಗರಗಸದ ಬಳಿ ತೂಗುಹಾಕಲು ಒಂದು ಎಚ್ಚರಿಕೆಯ ಹಲಗೆ ಬರೆಯಬೇಕು. ಅಕ್ಷರ ಇರಕೂಡದು. ಓದಲು ಬಾರದ ಗರಗಸದ ಆಳು ನೋಡಿ ಅರ್ಥ ಹೇಳಬೇಕು. ಹೇಳಿದರೆ ಪಾಸು, ಇಲ್ಲದಿದ್ದರೆ ಮುಂದಿನ ವರ್ಷ. ಗೋಡೆ ಅಳೆಯಲು ಈರಯ್ಯ ಎರಡು ತಿಂಗಳ ಹಿಂದೆ ತಾನೇ ಟೇಪು ಹಿಡಿದು ಬಂದು ಹೋಗಿದ್ದ.

ಆಗ ಗರಗಸದ ಮುಂದೆ ಇದ್ದವನು ಸತ್ಯಪ್ಪ. ಈಗ ಅವನ ಜಾಗದಲ್ಲಿ ರಾಯಪ್ಪ.

ರಾಯಪ್ಪನಿಗೆ ತೋರಿಸಿದ ಮೊದಲ ಹಲಗೆಯಲ್ಲಿ ತಲೆಬುರುಡೆ, ಅಡ್ಡಡ್ಡ ಎರಡು ಎಲುಬು.

"ಇದು ಗೊತ್ತೈತ್ರಿ. ಕರೆಂಟಿನ ಕಂಬದ ಮ್ಯಾಲ ಇರ್ತೈತಲ್ಲ?"

"ಹಂಗಂದ್ರ ಇಲ್ಲೆ ಏನು ಮಾಡಬಾರದು?" ಈರಯ್ಯ ಕೇಳಿದ.

"ಕಂಬಾ ಹತ್ತಬಾರದ್ರಿ."

ಎರಡನೆಯದರಲ್ಲಿ ತಡೆಯುವಂತೆ ಎತ್ತಿ ಹಿಡಿದ ಅಂಗೈ. ರಾಯಪ್ಪನ ಮುಖ ಅರಳಿತು. "ಇದು ಓಟಿಂದು! ಸಂಕ್ರಮಣದ ಮುಂದ ಹಾಕಿ ಬಂದೇನಲ್ರಿ. ಮತ್ತ ಬಂತೇನು?"

ಆಳುಗಳೆಲ್ಲ ನಕ್ಕರು. ಕುರ್ಚಿಯಲ್ಲಿ ಕುಳಿತಿದ್ದ ಗುರುಪುತ್ರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. "ಏನ್ ಮಾಸ್ತರ, ಇದನ್ನ ಕಲಿಸಿದ್ರೇನು? ಗ್ವಾಡಿಗೆ ಸುಣ್ಣಾ ಹಚ್ಚೂದು ಕಲಿಸಿದ್ರ ಪೋರಗೋಳ ಹೊಟ್ಟಿಗರೆ ಆಗ್ತಿತ್ತು."

ಮೂರನೆಯ ವಿದ್ಯಾರ್ಥಿ, ಕಣಕುಂಬಿಯ ಭರಮಣ್ಣ ನಗಲಿಲ್ಲ. ಮುಂದೆ ಬಂದು ತನ್ನ ಹಲಗೆಯ ಮೇಲಿನ ಗೋಣಿಚೀಲ ಎಳೆದ.

ಗರಗಸದ ಚಕ್ರ, ಅದರ ಬಾಯಿಗೆ ಬಂದ ಮರದ ತುಂಡು, ತುಂಡಿನ ಮೇಲೆ ಒಂದು ಬಲಗೈ. ತೋರುಬೆರಳೂ ನಡುಬೆರಳೂ ಇಲ್ಲ. ರಕ್ತವೂ ಇಲ್ಲ. ಬೆರಳುಗಳ ಬುಡ ಓರೆಯಾಗಿ ತುಂಡಾಗಿ, ಗಾಯ ಮಾಯ್ದಿತ್ತು.

ರಾಯಪ್ಪ ತನ್ನ ಬಲಗೈಯನ್ನು ಬೆನ್ನ ಹಿಂದೆ ಒಯ್ದ. "ಸತ್ಯಪ್ಪನ ಕೈ," ಎಂದ. ಎಡಗೈಯಿಂದ ಚಿತ್ರದ ಚಕ್ರ ತೋರಿಸಿ, "ಇಷ್ಟು ಸಮೀಪ ಒಯ್ದ್ರ ಹಿಂಗ ಆಗ್ತೈತಿ," ಎಂದ.

ಅರ್ಥ ಹೇಳಿಯಾಗಿತ್ತು.

ಗುರುಪುತ್ರಪ್ಪ ಎದ್ದು ನಿಂತ. "ಯಾವನ್ಲೇ ನಿನಗ ಇದನ್ನ ಬರಿ ಅಂದಾಂವ? ಅವನ ಬೆರಳು ಮನ್ಯಾಗ ಕೊಡ್ಲಿಗೆ ಹೋಗ್ಯಾವ. ಲೇಬರ್ ಆಫೀಸಿಗೆ ಹಂಗ ಬರದು ಕೊಟ್ಟೀನಿ."

"ಇಲ್ಲೇ ಹೋದ್ವು ಅಂತಾನ್ರಿ ಸತ್ಯಪ್ಪ. ನಾಕು ದಿನ ಅವನ ಮುಂದ ಕುಂತು ಬರದೇನಿ. ಎಲ್ಲಾರೂ ಊಟಕ್ಕ ಹೋಗಿದ್ರಂತ. ಕಂಡವರು ಒಬ್ಬರ ಸಿಕ್ಕಿದ್ರ ಪರಿಹಾರ ಸಿಗತಿತ್ತಂತ," ಎಂದ ಭರಮಣ್ಣ.

"ಮಾಸ್ತರ," ಗುರುಪುತ್ರಪ್ಪ ಈರಯ್ಯನ ಕಡೆ ತಿರುಗಿದ. "ಇದು ಪಾಸೇನು? ಪಾಸ್ ಅನ್ರಿ ನೋಡೂಣು. ನಾಳಿಂದ ನಿಮಗ ಆ ಮುರುಕ ಗೊಂಬೀನ ಗತಿ. ಅದೂ ನಿಮ್ಮ ನೌಕರಿ ಉಳದ್ರ."

ಈರಯ್ಯ ಅಂಕದ ಹಾಳೆ ನೋಡಿದ. ಗರಗಸದ ಕಡೆ ನೋಡಲಿಲ್ಲ. ಬೆಳಿಗ್ಗೆಯಿಂದಲೂ ನೋಡಿರಲಿಲ್ಲ.

"ಕೊಟ್ಟ ವಿಷಯ ಎಚ್ಚರಿಕಿ," ಎಂದ. "ನೀ ಬರದದ್ದು ಒಬ್ಬ ಮನಷ್ಯಾನ ಹೋಲಿಕಿ. ನಪಾಸು."

"ರಾಯಪ್ಪಣ್ಣ ಅರ್ಥಾ ಹೇಳಿದನಲ್ರಿ ಸರ್. ನಿಯಮ ಮಾಡಿದವರು ನೀವ."

"ಬಾಯಿ ಮುಚ್ಚು."

"ಮುಚ್ಚತೇನ್ರಿ. ಇಲ್ಲೆ ಎಲ್ಲಾರೂ ಮುಚ್ಕೊಂಡ ನಿಂತೀರಿ, ನಂದೊಂದ ಏನು."

ಭರಮಣ್ಣ ಗೋಣಿಚೀಲ ಮಡಚಿ ಬಗಲಿಗಿಟ್ಟುಕೊಂಡು ಹೊರಟ. ಹಲಗೆಯನ್ನು ಮುಟ್ಟಲಿಲ್ಲ.

"ರಾಯಪ್ಪಾ, ಸೀಳಿ ಒಲಿಗೆ ಹಾಕು ಅದನ್ನ," ಎಂದ ಗುರುಪುತ್ರಪ್ಪ.

ಯಂತ್ರದ ಪಟ್ಟಾ ಬಿಗಿಯಿತು, ಗರಗಸ ತಿರುಗಿತು. ರಾಯಪ್ಪ ಚಿತ್ರದ ಮುಖವನ್ನು ಕೆಳಗೆ ಮಾಡಿ ಹಲಗೆಯನ್ನು ಎಂದಿನಂತೆ ಅಂಗೈಯಿಂದ ಒತ್ತುತ್ತಾ ಹೋದ. ಇನ್ನೊಂದು ಗೇಣು ಉಳಿದಾಗ ಕೈ ನಿಂತಿತು. ಬಗ್ಗಿ, ಕಾಲ ಬಳಿಯ ರಾಶಿಯಿಂದ ಒಂದು ತೆಳ್ಳನೆಯ ಮರದ ಪಟ್ಟಿ ಆರಿಸಿಕೊಂಡು, ಉಳಿದದ್ದನ್ನು ಅದರಿಂದಲೇ ನೂಕಿದ. ಎರಡು ಸೀಳು ಎರಡು ಕಡೆ ಬಿದ್ದವು. ಮರದ ಹೊಟ್ಟಿನಲ್ಲಿ ಒಂದಿಷ್ಟು ಬಣ್ಣದ ಪುಡಿ ಬೆರೆಯಿತು.

ಎರಡು ತಿಂಗಳ ಹಿಂದೆ, ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಈರಯ್ಯ ಟೇಪು ಹಿಡಿದು ದಿಮ್ಮಿಗಳ ಹಿಂದೆ ನಿಂತಿದ್ದ. ಸತ್ಯಪ್ಪನ ಕೈ ಇದೇ ಗರಗಸಕ್ಕೆ ಹೋದದ್ದನ್ನು ಕಂಡಿದ್ದ. ಆಳುಗಳು ಓಡಿ ಬರುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಬಿದ್ದು ಬಸ್ಸು ಹತ್ತಿದ್ದ. ಇದನ್ನು ಅವನು ಯಾರಿಗೂ ಹೇಳಲಿಲ್ಲ.