ಹೆಚ್ಚಿಗೆ ಬಂದ ಒಂದು ಹದ್ದು

ಲಿಫ್ಟಿನ ಕೋಣೆಯ ನೆರಳು ಅವನ ಎಡ ಮೊಣಕಾಲನ್ನು ಬಿಟ್ಟು ಸರಿಯುತ್ತಿತ್ತು, ಇದು ಹಗುರವಾಗಿ ತೆಗೆದುಕೊಳ್ಳುವ ಸಂಗತಿಯೇ ಅಲ್ಲ, ಯಾಕೆಂದರೆ ಐದು ಮಹಡಿ ಪಾರ್ಕಿಂಗ್ ಕಟ್ಟಡದ ತಾರಸಿಯಲ್ಲಿ ನೆರಳು ಅಂತ ಇರುವುದೇ ಆ ಕೋಣೆಯ ಪುಣ್ಯದಿಂದ, ಅದೂ ಎರಡು ಕುರ್ಚಿಗಾಗುವಷ್ಟು, ಕೂರುವವರು ಮೂವರು, ಎಷ್ಟೋ ವಸಂತಗಳಿಂದ ಈ ವ್ಯಾಜ್ಯ ಇತ್ಯರ್ಥವಾಗಿಲ್ಲ, ಇದಕ್ಕಿಂತ ಚಿಕ್ಕ ಜಾಗಕ್ಕೆ ರಾಜರು ದಂಡು ಕಟ್ಟಿಕೊಂಡು ಹೋಗಿದ್ದಾರೆ — ಅಕ್ಕ ಮಾತ್ರ ತೀರ್ಪು ಕೊಟ್ಟು ಕೂತಿದ್ದಾಳೆ, ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿದ್ದವಳು, ನಿವೃತ್ತಿಯಾದರೂ ಸೀಟಿ ಕೊರಳಿಂದ ಇಳಿದಿಲ್ಲ, ನೆರಳು ವಯಸ್ಸಿಗೆ ಮೊದಲು, ತಮ್ಮನ ಕಣ್ಣಿಗೆ ಆಮೇಲೆ, ಡೌಟಪ್ಪನಿಗೆ ಟೋಪಿ ಇದೆ. ಟೋಪಿ ಇದ್ದರೆ ತಲೆ ಸುಡಲ್ಲ ಅಂತ ಯಾರು ಹೇಳಿದ್ರು ಮೇಡಂ, ಅಂತಾನೆ ಡೌಟಪ್ಪ, ಸಿಟಿ ಬಸ್ಸಿನ ಡ್ರೈವರು, ಹಸಿರು ದೀಪ ಬಿದ್ದರೂ ನಂಬದೆ ಎರಡೂ ಕಡೆ ನೋಡಿಯೇ ಬಸ್ಸು ಬಿಡುವವನು, ವಾರದ ರಜೆಗೆ ಮನೆಯಲ್ಲಿ ಕಾಲು ಚಾಚದೆ ಹದ್ದು ಎಣಿಸಲು ಬರುವ ಡ್ರೈವರು ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು, ಇದ್ದಾನೋ ಇಲ್ಲವೋ ಅಂತ ಅವನಿಗೇ ಡೌಟು. ಮೂವರಿಗೂ ಸಂಬಳವಿಲ್ಲ, ಭತ್ಯೆಯಿಲ್ಲ, ಟೀ ಕೂಡ ಮನೆಯದೇ, ದಕ್ಷಿಣದಿಂದ ಬಂದು ಉತ್ತರಕ್ಕೆ ಹೋಗುವ ಹದ್ದು, ಗಿಡುಗ, ಸೆಳೆವ, ಇಂಥ ಬೇಟೆಹಕ್ಕಿಗಳು ಎಷ್ಟು ಅಂತ ಎಣಿಸಬೇಕು, ಎಣಿಸಿ ಕಳಿಸಿದರೆ ಯಾರೋ ಎಲ್ಲೋ ಅದನ್ನು ಇಟ್ಟುಕೊಳ್ಳುತ್ತಾರೆ, ಮೇಲೆ ಕಂಡದ್ದೆಲ್ಲ ಲೆಕ್ಕವಲ್ಲ, ಮೊಬೈಲ್ ಟವರಿನಿಂದ ಆಸ್ಪತ್ರೆಯ ಚಿಮಣಿಯವರೆಗಿನ ಗೆರೆ ದಾಟಬೇಕು, ಗೆರೆ ಎಲ್ಲಿದೆ ಅಂದರೆ ಅಕ್ಕ ಬೆರಳಿನಿಂದ ಗಾಳಿಯಲ್ಲಿ ಎಳೆದದ್ದು, ಅಷ್ಟು ಸಾಕು, ಅವಳು ಎಳೆದ ಗೆರೆಯನ್ನು ಮಕ್ಕಳೂ ತುಳಿದಿಲ್ಲ, ಹಕ್ಕಿಗಳೂ ತುಳಿದಿಲ್ಲ. ಒಬ್ಬರು ಕೂಗಬೇಕು, ಇನ್ನೊಬ್ಬರು ಇದೆ ಅನ್ನಬೇಕು, ಆಮೇಲೆ ಅಕ್ಕನ ಹೆಬ್ಬೆರಳು ಕ್ಲಿಕ್ಕರನ್ನು ಒತ್ತಬೇಕು, ಟಕ್, ಒಂದು ಏರಿತು, ಏರಿದ್ದು ಇಳಿಯುವುದಿಲ್ಲ, ಆ ಉಕ್ಕಿನ ಡಬ್ಬಿಗೆ ಹಿಂದಕ್ಕೆ ಹೋಗುವ ವಿದ್ಯೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಅವನೇ, ಅಕ್ಕನ ತಮ್ಮ, ಕೂಗಿದ್ದ, ಒಂಟಿ, ಟವರಿನ ಎಡಕ್ಕೆ, ಮೋಡದ ಅಂಚು, ತುಂಬಾ ಮೇಲೆ, ದಾಟ್ತಾ ಇದೆ, ದಾಟಿತು. ಎಲ್ಲಿ, ಅಂದ ಡೌಟಪ್ಪ, ಅವನು ಎಲ್ಲಿ ಅನ್ನದಿದ್ದರೆ ಜ್ವರ ಬಂದಿದೆ ಅಂತ ತಿಳಿಯಬೇಕು, ನನಗೆ ಮೋಡ ಮಾತ್ರ ಕಾಣ್ತಿದೆ ಅಣ್ಣ. ನನಗೂ ಅಷ್ಟೇ, ಅಂದಳು ಅಕ್ಕ ದುರ್ಬೀನು ಇಳಿಸುತ್ತಾ, ಆದರೆ ಇವನ ಕಣ್ಣು ಹದ್ದಿನ ಕಣ್ಣು ಕಣಯ್ಯಾ, ಇವನು ಇದೆ ಅಂದ ಮೇಲೆ ಇದೆ — ಟಕ್. ಇಷ್ಟು ವರ್ಷದಲ್ಲಿ ನಿಯಮ ಮುರಿದದ್ದು ಇದೇ ಮೊದಲು, ತಮ್ಮ ಅನ್ನುವ ವಾತ್ಸಲ್ಯಕ್ಕೆ, ಅಥವಾ ಬಿಸಿಲಿಗೆ.

ಟೀ ಬಂತು, ಫ್ಲಾಸ್ಕಿನ ಮುಚ್ಚಳದಲ್ಲಿ, ಅವನು ತಲೆ ಬಗ್ಗಿಸಿದ, ಒಂಟಿಯೂ ಬಂತು. ಟೀಯ ಮೇಲೆ, ದಂಡೆಯಿಂದ ದಂಡೆಗೆ, ರೆಕ್ಕೆ ಬಡಿಯದೆ, ಕರ್ರಗೆ, ಬಾಲದ ಕಡೆ ಒಂದು ಎಳೆ, ಅದೇ ಗಾತ್ರ, ಅದೇ ನಿಧಾನ — ಅವನು ಅಕ್ಕನ ಕಡೆ ನೋಡಿದ, ಅವಳ ಕೆನ್ನೆಯ ಮೇಲೆ ಹಾದು ಸೀಟಿಯ ಹತ್ತಿರ ತೇಲಿ ನಿಂತಿತು, ಡೌಟಪ್ಪನ ಟೋಪಿಯ ಮೇಲೆ ಕೂತಿತು, ಇಷ್ಟು ಸಲಿಗೆಯ ಹದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿಲ್ಲ. ಹಾಗಾದರೆ ಟಕ್ ಅಂತ ಏರಿದ್ದು ಇದು. ಎಡಗಣ್ಣೋ ಬಲಗಣ್ಣೋ, ಒಂದು ಅಂಗೈ ಎತ್ತಿ ಎಡಗಣ್ಣು ಮುಚ್ಚಿದರೆ ತಿಳಿಯುತ್ತದೆ, ಅಷ್ಟೇ ಪರೀಕ್ಷೆ, ಅಂಗಡಿಯಲ್ಲಿ ದಿನಾ ಮಾಡಿಸುತ್ತಾನೆ, ಒಂದು ಕಣ್ಣು ಮುಚ್ಚಿಕೊಳ್ಳಿ, ಒತ್ತಬೇಡಿ, ಈಗ ಇನ್ನೊಂದು, ಈಗ ಹೇಳಿ. ಕನ್ನಡಕದಂಗಡಿಯವನು ಅವನು, ಇಬ್ಬರು ಕೆಲಸದವರಿದ್ದಾರೆ, ಬೇರೆಯವರ ಕಣ್ಣಿನ ಮೇಲೆ ಮನೆ ಕಟ್ಟಿದವನು, ಮತ್ತು ಕಣ್ಣ ಮುಂದೆ ನೊಣ ಕಾಣ್ತಿದೆ ಅಂತ ಬಂದವರಿಗೆ ಕೊಡುವ ಭಾಷಣ ಅವನಿಗೆ ನಿದ್ದೆಯಲ್ಲೂ ಬರುತ್ತದೆ, ನೊಣಕ್ಕೆ ನನ್ನ ಹತ್ತಿರ ಗ್ಲಾಸಿಲ್ಲ ಸ್ವಾಮಿ, ನೊಣದ ಜೊತೆ ಮಿಂಚೂ ಬಂತೋ ಊಟಕ್ಕೂ ಕೂರಬೇಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಒಳಗಿನ ಪರೆ ಹರಿದಿರುತ್ತೆ, ಪರದೆ ಬೀಳೋವರೆಗೆ ಕಾದು ಕೂರೋದು ನಾಟಕಕ್ಕೆ ಸರಿ, ಕಣ್ಣಿಗಲ್ಲ — ಇಲ್ಲಿ ಜನ ನಗುತ್ತಾರೆ, ನಗಲಿ ಅಂತಲೇ ಅವನು ಅಲ್ಲಿ ಸ್ವಲ್ಪ ನಿಲ್ಲಿಸುತ್ತಾನೆ. ಈಗ ನಿಲ್ಲಿಸಲಿಲ್ಲ, ಅಂಗೈ ಎತ್ತಲೂ ಇಲ್ಲ, ಎರಡೂ ಕೈಯಲ್ಲಿ ಟೀ ಇತ್ತಲ್ಲ, ನೆಪಕ್ಕೇನು ಬರ. ನೊಣ ಒಂದೇ ತಾನೆ, ಐವತ್ತು ದಾಟಿದವರಿಗೆಲ್ಲ ಬರುತ್ತದೆ, ಮಿಂಚೇನು ಬಂದಿಲ್ಲವಲ್ಲ, ನಿನ್ನೆ ಸಂಜೆ ಬಚ್ಚಲಲ್ಲಿ ಮಿಂಚಿದ್ದು ಬೇರೆ, ಅದು ಸ್ವಿಚ್ಚಿನ ಹತ್ತಿರ, ಹಳೇ ವೈರು, ಬೆಳಿಗ್ಗೆ ಎಲೆಕ್ಟ್ರಿಷಿಯನ್ನನ್ನು ಕರೆಸು ಅಂತ ಹೆಂಡತಿಗೆ ಹೇಳಿಯೇ ಮನೆ ಬಿಟ್ಟಿದ್ದಾನೆ. ಅಪ್ಪನಿಗೂ ನೊಣ. ಬೋರ್ಡು ಬರೆಯುತ್ತಿದ್ದ ಅಪ್ಪ, ಹಿತ್ತಲಲ್ಲಿ ಹಲಗೆ ಒರಗಿಸಿ ಬಿಳಿ ಬಳಿಯುತ್ತಿದ್ದ, ಹಲ್ಲಿನ ಡಾಕ್ಟರ ಬೋರ್ಡು, ಬಿಳುಪು ಹಲ್ಲಿನ ಹಾಗಿರಬೇಕು ಅಂತ ಡಾಕ್ಟರು ಬೇರೆ ಹೇಳಿದ್ದರಂತೆ, ಬಳಿದ, ದೂರ ನಿಂತು ನೋಡಿದ, ಹತ್ತಿರ ಹೋಗಿ ಒಂದೇ ಜಾಗದ ಮೇಲೆ ಇನ್ನೊಮ್ಮೆ ಎಳೆದ, ದೂರ ನಿಂತ, ಮತ್ತೆ ಹತ್ತಿರ. ಏನ್ರೀ ಅದು, ಅಂತ ಅಮ್ಮ ಬಾಗಿಲಿಂದ. ನೊಣ ಕಣೇ, ಹಸಿ ಬಣ್ಣಕ್ಕೆ ಅಂಟಿಕೊಂಡಿದೆ. ಬಣ್ಣದ ಡಬ್ಬ ಹಿಡಿದು ನಿಂತವಳು ಅಕ್ಕ, ಇಲ್ಲಪ್ಪಾ, ಅಲ್ಲೇನೂ ಇಲ್ಲ, ಅಂದಳು, ಆಗಲೂ ತೀರ್ಪಿನ ದನಿಯೇ, ಅಪ್ಪ ಮಾತ್ರ ಬಿಳಿಯ ಮೇಲೆ ಬಿಳಿ ಎಳೆದ.

ಫೋನು ಜೇಬಿನಲ್ಲಿ ಗುಂಯ್ ಅಂತು. ರೀ, ಎಲೆಕ್ಟ್ರಿಷಿಯನ್ ಬಂದು ಹೋದ, ವೈರೆಲ್ಲ ಸರಿಯಾಗೇ ಇದೆಯಂತೆ, ಸ್ವಿಚ್ಚೂ ಸರಿ, ಮಿಂಚಿದ್ದು ಎಲ್ಲಿ ಅಂತ ಯಜಮಾನ್ರನ್ನೇ ಕೇಳಿ ಅಂದ, ಸುಮ್ನೆ ಬಂದಿದ್ದಕ್ಕೆ ಮುಖ ಊದಿಸ್ಕೊಂಡ ಬೇರೆ. ಇನ್ನೊಮ್ಮೆ ನೋಡೋಕೆ ಹೇಳಬೇಕಿತ್ತು. ಇನ್ನೊಮ್ಮೆ ನೋಡಿದ ರೀ, ಗೋಡೆ ಕೊರೆದು ನೋಡಬೇಕಾ? ಬೇಡ ಬಿಡು. ನಿಮ್ಮ ದನಿ ಯಾಕೆ ಹಾಗಿದೆ? ಬಿಸಿಲು. ಟೋಪಿ ಹಾಕ್ಕೊಳ್ಳಿ, ಅಂತ ಹೇಳಿ ಇಟ್ಟಳು, ಎಲ್ಲ ರೋಗಕ್ಕೂ ಟೋಪಿ. ಹಾಗಾದರೆ ಮಿಂಚೂ ಬಂತು, ನೊಣ ಮಿಂಚು ಎರಡೂ ಹಾಜರು, ಊಟಕ್ಕೂ ಕೂರಬೇಡಿ, ಸರಿ, ಊಟಕ್ಕೆ ಕೂತಿಲ್ಲ, ಕುರ್ಚಿಯಲ್ಲಿ ಕೂತಿದ್ದಾನೆ, ಭಾಷಣದಲ್ಲಿ ಕುರ್ಚಿಯ ಮಾತಿಲ್ಲ. ಈಗೆದ್ದು ಹೋದರೆ ಆಪರೇಷನ್ನು, ಆಮೇಲೆ ದಿನಗಟ್ಟಲೆ ಬೋರಲು ಮಲಗಿಸುತ್ತಾರೆ, ಆಕಾಶ ನೋಡುವವನಿಗೆ ನೆಲದ ಹಾಸುಗಲ್ಲು ಎಣಿಸುವ ಶಿಕ್ಷೆ, ಅಷ್ಟರಲ್ಲಿ ವಸಂತ ಮುಗಿದಿರುತ್ತದೆ, ಹೋಗುವುದೆಲ್ಲ ಹೋಗಿರುತ್ತದೆ, ಇವತ್ತೇ ದಕ್ಷಿಣದ ಗಾಳಿ ಎದ್ದಿರುವುದು, ವಾರದಿಂದ ಮೋಡದ ಹಿಂದೆ ಕಾದು ಕೂತ ಹಕ್ಕಿಗಳೆಲ್ಲ ಇವತ್ತೇ ಹೊರಡುತ್ತವೆ, ಮಧ್ಯಾಹ್ನ ಕಳೆಯಲಿ, ಅಪ್ಪನೂ ಹಾಗೇ ಅಂದದ್ದು, ಬೋರ್ಡು ಮುಗಿಯಲಿ. ಬೋರ್ಡೇನೋ ಮುಗಿಯಿತು. ಆಮೇಲಿನ ಬೋರ್ಡುಗಳಲ್ಲಿ ಅಕ್ಷರಗಳೆಲ್ಲ ಬಲಕ್ಕೆ ಗುಂಪು ಕಟ್ಟಿಕೊಂಡು, ಎಡಗಡೆ ಒಂದು ಗೇಣು ಖಾಲಿ, ಇದೇನಪ್ಪಾ ಹೊಸ ಮಾದರಿಯೋ ಅಂತ ಜನ ಕೇಳಿದರೆ ಹೌದು ಅನ್ನುತ್ತಿದ್ದ, ಕೆಲವರಿಗೆ ಹಿಡಿಸಿತು ಕೂಡ. ಕಣ್ಣಿಲ್ಲದೆ ಅವನು ಯಾರು ಇಲ್ಲಿ, ಹದ್ದಿನ ಕಣ್ಣಿನ ತಮ್ಮ ಅಂತಲೇ ಅಕ್ಕ ಪರಿಚಯ ಮಾಡಿಸುವುದು, ಕಣ್ಣು ಕಳೆದರೆ ಉಳಿಯುವವನು ಬರೀ ತಮ್ಮ, ಅವನಿಗೆ ನೆರಳಿನಲ್ಲಿ ಜಾಗವಿಲ್ಲ. ಸುಳಿ, ಸುಳಿ ಎದ್ದಿದೆ, ಡೌಟಪ್ಪ ನಿಂತೇಬಿಟ್ಟಿದ್ದ, ಟೋಪಿ ಹಾರಿ ಹಿಂದೆ ಬಿತ್ತು, ಚಿಮಣಿಯಾಚೆ ನೋಡಿ ಮೇಡಂ, ಹದ್ದೇ ಅಲ್ವಾ, ಹದ್ದೇ! ಅವನಿಗೇ ಡೌಟಿಲ್ಲ ಅಂದ ಮೇಲೆ ನೂರಕ್ಕೆ ಕಡಿಮೆ ಇರಲಾರದು, ಬಿಸಿಗಾಳಿಯ ಕಂಬವೊಂದು ಎದ್ದು ಅದರೊಳಗೆ ಹದ್ದುಗಳು ಸುತ್ತುತ್ತಾ, ಸುತ್ತುತ್ತಾ ಮೇಲೇರುತ್ತಾ, ಕದಡಿದ ಟೀಯಲ್ಲಿ ಪುಡಿ ಏಳುವ ಹಾಗೆ, ಅಕ್ಕ ಸೀಟಿ ಊದಿದಳು, ಎಣಿಸಬೇಡಿ, ಸುಳಿಯಲ್ಲಿ ಯಾರೂ ಎಣಿಸಬಾರದು, ಸುತ್ತುವಾಗ ಒಂದೇ ಹಕ್ಕಿಗೆ ಮೂರು ಲೆಕ್ಕ ಬೀಳುತ್ತೆ, ಸುಳಿ ಬಿಟ್ಟ ಮೇಲೆ ಎಣಿಸಿ, ಲೋ, ಎಡಗಡೆ ನಿಂದು. ಎಡಗಡೆ ಯಾವಾಗಲೂ ಅವನದೇ.

ಸುಳಿಯ ತುದಿ ಬಾಯಿಬಿಟ್ಟಿತು, ಒಂದರ ಹಿಂದೆ ಒಂದು ಜಾರತೊಡಗಿದವು, ರೆಕ್ಕೆ ಮಡಚಿ, ದಾರಕ್ಕೆ ಪೋಣಿಸಿದ ಹಾಗೆ, ಅವನು ಕೂಗಿದ, ಒಂದು, ಇದೆ ಅಂದ ಡೌಟಪ್ಪ, ಟಕ್, ಒಂದು, ಇದೆ, ಟಕ್, ಎರಡು ಒಟ್ಟಿಗೆ, ಇದೆ, ಟಕ್ ಟಕ್, ಎಷ್ಟು ಚೆನ್ನಾಗಿ ನಡೆಯುತ್ತಿದೆ, ಸುಮ್ಮನೆ ಹೆದರಿದೆ, ಒಂದು — ಇದೆ ಬರಲಿಲ್ಲ. ಎಲ್ಲಿ ಅಣ್ಣ? ಅಲ್ಲೇ, ಮೂರನೆಯದರ ಹಿಂದೆ. ಮೂರನೆಯದರ ಹಿಂದೆ ನಾಲ್ಕನೆಯದಿದೆ, ಅದನ್ನ ಆಗಲೇ ಹೇಳಿದ್ರಿ. ಸಾಲಿನಲ್ಲಿ ಸೇರಿಕೊಂಡಿದೆ ಅದು, ಸಲಿಗೆಯ ಹದ್ದು, ಸಾಲು ಜಾರಿದರೆ ತಾನೂ ಜಾರುತ್ತದೆ, ಅವನು ನೋಟ ನಿಲ್ಲಿಸಿದರೆ ತೇಲಿ ನಿಲ್ಲುತ್ತದೆ, ಇವುಗಳಲ್ಲಿ ಯಾವುದು ಆಕಾಶದ್ದು, ಯಾವುದು ತನ್ನದು, ಅಕ್ಕ ತಿರುಗಿ ನೋಡಲಿಲ್ಲ, ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಿದೆ, ಅವನು ಹೇಳಿದರೆ ಒತ್ತುತ್ತಾಳೆ, ಇನ್ನೊಮ್ಮೆ ಒತ್ತುತ್ತಾಳೆ, ಮತ್ತೊಮ್ಮೆಯೂ, ಅವನು ಇದೆ ಅಂದಷ್ಟು ಸಲ. ಮೊಣಕಾಲಿನ ಕಡೆ ನೋಡಿದ, ಎರಡೂ ಮೊಣಕಾಲು ಬಿಸಿಲಿನಲ್ಲಿ, ಲಿಫ್ಟಿನ ಕೋಣೆಯ ನೆರಳು ಯಾವಾಗಲೋ ಕುರ್ಚಿ ಬಿಟ್ಟು ಹೋಗಿದೆ, ಹಾಗಾದರೆ ಮೂಗಿನ ಪಕ್ಕ ಕೆಳಗಿನ ಮೂಲೆಯಲ್ಲಿ ಈ ಮಬ್ಬು ಯಾವುದರ ನೆರಳು, ಆಗಿನಿಂದ ಇದೆಯಲ್ಲ, ಲಿಫ್ಟಿನದೇ ಅಂದುಕೊಂಡು ಅದಕ್ಕಾಗಿ ಜಗಳವಾಡುತ್ತಾ ಕೂತಿದ್ದೆನಲ್ಲ. ದುರ್ಬೀನು ಮಡಿಲಿಗೆ ಬಿಟ್ಟ, ಅಂಗೈ ಎತ್ತಿದ, ಎಡಗಣ್ಣು ಮುಚ್ಚಿಕೊಳ್ಳಿ, ಒತ್ತಬೇಡಿ, ಈಗ ಹೇಳಿ. ಮಬ್ಬು ಹೋಯಿತು. ಸಲಿಗೆಯ ಹದ್ದೂ ಹೋಯಿತು. ಆಕಾಶ ಹಲ್ಲಿನ ಡಾಕ್ಟರ ಬೋರ್ಡಿನಷ್ಟು ಚೊಕ್ಕಟ, ಅದರ ಮೇಲೆ ನಿಜದವು ಮಾತ್ರ ಜಾರುತ್ತಿದ್ದವು.

ಅಕ್ಕಾ, ಎಡಗಡೆಯನ್ನ ಡೌಟಪ್ಪ ನೋಡಲಿ. ಯಾಕೋ? ಆಮೇಲೆ ಇನ್ನೊಂದು, ಆ ಮೋಡದ ಅಂಚಿನ ಒಂಟಿ ಇತ್ತಲ್ಲ, ಅದು ಇರಲಿಲ್ಲ. ಇರಲಿಲ್ಲ ಅಂದ್ರೆ? ನನ್ನ ಕಣ್ಣಿನೊಳಗಿನದು ಅದು, ಟೀ ಮೇಲೂ ಹಾರಿತು, ನಿನ್ನ ಕೆನ್ನೆ ಮೇಲೂ. ಅಕ್ಕ ಈಗ ತಿರುಗಿದಳು, ಅಂಗೈ ಮುಚ್ಚಿದ ಅವನ ಮುಖ ನೋಡಿದಳು, ಬೈಯುತ್ತಾಳೆ ಅಂದುಕೊಂಡ, ಬೈಯಲಿಲ್ಲ, ನೊಣಾನಾ, ಅಂತ ಕೇಳಿದಳು, ಬಣ್ಣದ ಡಬ್ಬ ಹಿಡಿದು ನಿಂತ ಹುಡುಗಿಯ ಹಾಗೆ, ಆದರೆ ಆಗಿನ ತೀರ್ಪಿಲ್ಲದ ದನಿ, ಅದು ಅವಳಿಗೆ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಹೂಂ. ಮಿಂಚು? ಹೂಂ, ವೈರೇನೋ ಸರಿಯಾಗಿದೆಯಂತೆ. ಪರದೆ? ಮೂಲೆಯಲ್ಲಿ, ಸ್ವಲ್ಪ. ಭಾಷಣ ಅವಳಿಗೂ ಬಾಯಿಪಾಠ. ಎಲ್ಲಿ ಅಂತ ಡೌಟಪ್ಪ ಕೇಳಲಿಲ್ಲ, ಟೋಪಿಯನ್ನೂ ಎತ್ತಿಕೊಳ್ಳಲಿಲ್ಲ, ಸ್ಕೂಟರಿನ ಕೀಲಿ ತೆಗೆದು, ನಡೀರಿ ಅಣ್ಣ, ಚಿಮಣಿ ಕಾಣ್ತಿದೆಯಲ್ಲ ಆ ಆಸ್ಪತ್ರೆಗೇ, ಗುಂಡಿ ತಪ್ಪಿಸಿ ಓಡಿಸ್ತೀನಿ, ತಲೆ ಅಲ್ಲಾಡಿಸಬೇಡಿ, ಮಾತೂ ಬೇಡ, ಬಸ್ಸಿನ ಮುದುಕರಿಗೆ ಹೇಳುವ ಹಾಗೆ ಹೇಳಿದ. ಉಳಿಯುತ್ತಾ ಕಣ್ಣು, ಅಂತ ಅಕ್ಕ. ಬೇಗ ಹೋದವರದ್ದು ಉಳಿಯುತ್ತೆ ಅಂತ ನಾನೇ ಹೇಳ್ತಾ ಬಂದಿದೀನಿ, ಅಂದ ಅವನು, ನಾನು ಹೇಳಿದ್ದನ್ನ ನೀನು ಇವತ್ತು ನಂಬಬೇಡ. ಸಾಲು ಇನ್ನೂ ಜಾರುತ್ತಲೇ ಇತ್ತು, ಒಬ್ಬಳೇ ಹೇಗೆ ನೋಡುತ್ತಾಳೆ, ನೋಡುತ್ತಾಳೆ, ಲೆಕ್ಕ ಮಾತ್ರ ಒಂದು ಹೆಚ್ಚಿಗೆ ನಿಂತಿದೆ, ಆ ಡಬ್ಬಿ ಹಿಂದಕ್ಕೆ ಹೋಗುವುದಿಲ್ಲ, ಮೊದಲಿಂದ ಶುರು ಮಾಡಿದರೆ ಬೆಳಗಿನದೆಲ್ಲ ಹೋಗುತ್ತದೆ, ಇರುವ ದಾರಿ ಒಂದೇ. ಮುಂದಿನದನ್ನ ಒತ್ತಬೇಡ ಅಕ್ಕಾ, ಬಿಟ್ಟುಬಿಡು, ಸರಿಹೋಗುತ್ತೆ. ಅಕ್ಕ ಹೂಂ ಅಂದಳು. ಲಿಫ್ಟಿನ ಬಾಗಿಲು ತೆರೆದಿತ್ತು, ಡೌಟಪ್ಪ ಕಾಲಲ್ಲಿ ತಡೆದು ನಿಂತಿದ್ದ, ಅವನು ಅಂಗೈ ತೆಗೆಯದೆ ಒಮ್ಮೆ ತಿರುಗಿದ, ಬಲಗಣ್ಣಿನಲ್ಲಿ ಅಕ್ಕನ ಬೆನ್ನು, ಎತ್ತಿ ಹಿಡಿದ ಹೆಬ್ಬೆರಳು, ಅದರ ಮೇಲೆ ಬೆಳ್ಳಗಿನ ಆಕಾಶ, ಅದರಲ್ಲಿ ಒಂದು ಹದ್ದು, ನಿಜದ್ದು, ಬಾಲದ ಗರಿಯವರೆಗೆ ನಿಜದ್ದು, ಟವರು ದಾಟಿತು, ಅಪ್ಪ ದೂರ ನಿಂತು ನೋಡುತ್ತಾನೆ, ಹತ್ತಿರ ಹೋಗುತ್ತಾನೆ, ಬಿಳಿಯ ಮೇಲೆ ಬಿಳಿ ಎಳೆಯುತ್ತಾನೆ, ಗೆರೆ ದಾಟಿತು, ಬಿಳಿಯ ಮೇಲೆ ಬಿಳಿ — ಅದನ್ನು ಯಾರೂ ಎಣಿಸಲಿಲ್ಲ.